ಮನೆ ನೋಡೋಕೆ ಹೋದಾಗ ಗೋಡೆಯೊಳಗಿನ ನೀರು ಪತ್ತೆ ಹಚ್ಚೋದು ಹೇಗೆ

ಬೆಂಗಳೂರಲ್ಲಿ ಜನ ಮನೆ ಹುಡುಕೋದು ಜಾಸ್ತಿ ಮಾರ್ಚಿಂದ ಮೇ ಒಳಗೆ, ಮಕ್ಕಳ ಪರೀಕ್ಷೆ ಮುಗ್ದಿರತ್ತೆ, ಸ್ಕೂಲು ಶುರುವಾಗೋ ಮುಂಚೆ ಸೇರ್ಕೊಂಡ್ಬಿಡೋಣ ಅಂತ. ಆ ಟೈಮಲ್ಲಿ ಬಿಸಿಲಿಗೆ ಗೋಡೆ ತಾರಸಿ ಎಲ್ಲಾ ಚೆನ್ನಾಗಿ ಒಣಗಿರತ್ತೆ, ಎಂಥಾ ಸೋರೋ ಮನೇನೂ ನೋಡೋಕೆ ಲಕ್ಷಣವಾಗೇ ಇರತ್ತೆ. ಊರಲ್ಲಿ ಮಳೆ ಜೋರಾಗಿ ಹಿಡ್ಕೊಳ್ಳೋದು ಆಗಸ್ಟ್ ಸೆಪ್ಟೆಂಬರ್ ಅಕ್ಟೋಬರಲ್ಲಿ, ಅಷ್ಟೊತ್ತಿಗೆ ರಿಜಿಸ್ಟ್ರೇಷನ್ ಮುಗ್ದು ಗೃಹಪ್ರವೇಶದ ಊಟಾನೂ ಜೀರ್ಣ ಆಗಿರತ್ತೆ. ಹಾಗಾಗಿ ಸಾಧ್ಯ ಆದ್ರೆ ಜೋರು ಮಳೆ ಬಂದ ಮಾರನೇ ದಿನ ಮನೆ ನೋಡೋಕೆ ಹೋಗಿ, ಮೇ ತಿಂಗಳ ಸಂಜೆ ಮಳೆ ಆದ್ರೂ ಸಾಕು. ಬೇಸಿಗೇಲೇ ನೋಡ್ಬೇಕು ಬೇರೆ ದಾರಿ ಇಲ್ಲ ಅಂದ್ರೂ ಪರ್ವಾಗಿಲ್ಲ, ನೀರು ಬಂದು ಹೋದ ಕಡೆ ಗುರುತು ಬಿಟ್ಟೇ ಹೋಗಿರತ್ತೆ, ಹುಡುಕೋಕೆ ಸ್ವಲ್ಪ ತಾಳ್ಮೆ ಬೇಕು ಅಷ್ಟೆ.

ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ, ಕಲೆ ಕಂಡ ಜಾಗದಲ್ಲೇ ತೂತು ಇರತ್ತೆ ಅಂತ ಅಂದ್ಕೋಬೇಡಿ. ಸ್ಲ್ಯಾಬಿನ ಒಳಗೆ ನೀರು ಕಂಬಿ ಹಿಡ್ಕೊಂಡು, ಕರೆಂಟ್ ಪೈಪ್ ಹಿಡ್ಕೊಂಡು ಎಲ್ಲೆಲ್ಲೋ ಹೋಗಿ ಫ್ಯಾನ್ ಹುಕ್ ಹತ್ರ ಜಿನುಗತ್ತೆ. ಹಾಲೋ ಬ್ಲಾಕಿನ ಗೋಡೆ ಆದ್ರಂತೂ ಮೇಲಿಂದ ಒಳಗೆ ಇಳಿದ ನೀರು ಟೊಳ್ಳು ಜಾಗದಲ್ಲಿ ಕೆಳಗಿನ ತನಕ ಬಂದು ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿ ಮೇಲೆ ಕಾಣಿಸ್ಕೊಳ್ಳತ್ತೆ, ಜನ ನೆಲದಿಂದ ಬರ್ತಿದೆ ಅಂತ ನೆಲ ಒಡೆಸ್ತಾರೆ. ಅದಕ್ಕೆ ಕಲೆ ಕಂಡ ತಕ್ಷಣ ಕೇಳಬೇಕಾದ ಪ್ರಶ್ನೆ ಎಲ್ಲಿಂದ ಅನ್ನೋದಲ್ಲ, ಯಾವಾಗ ಅನ್ನೋದು. ಮಳೆ ಬಂದಾಗ ಮಾತ್ರ ಹಸಿಯಾಗತ್ತಾ, ಹಾಗಿದ್ರೆ ತಾರಸಿ ಅಥವಾ ಹೊರಗಿನ ಗೋಡೆ ಅಥವಾ ಕಿಟಕಿ. ಮೇಲ್ಗಡೆ ಯಾರಾದ್ರೂ ಸ್ನಾನ ಮಾಡಿದ್ಮೇಲೆ ಹಸಿಯಾಗತ್ತಾ, ಆಗ ಬಾತ್ರೂಮ್ ನೆಲ ಇಲ್ಲಾ ಡ್ರೈನೇಜ್ ಪೈಪು. ಮಳೆ ಇಲ್ಲ, ಯಾರೂ ಸ್ನಾನಾನೂ ಮಾಡ್ತಿಲ್ಲ, ಆದ್ರೂ 24 ಗಂಟೆ ಹಸಿ ಅಂದ್ರೆ ಒಳಗಡೆ ಹೂತಿರೋ ನೀರಿನ ಪೈಪ್ ಲೀಕು, ಅದ್ರಲ್ಲಿ ಟ್ಯಾಂಕಿನ ನೀರು ಯಾವಾಗ್ಲೂ ನಿಂತೇ ಇರತ್ತಲ್ಲ. ಓನರನ್ನ ಕೇಳಿದ್ರೆ "ಹಳೇದು ಸಾರ್, ಈಗ ಸರಿ ಮಾಡ್ಸಿದೀವಿ" ಅಂತಾರೆ, ಕೆಲಸದವರನ್ನ, ಪಕ್ಕದ ಮನೆಯವರನ್ನ, ಈಗ ಬಾಡಿಗೆಗೆ ಇರೋರನ್ನ ಕೇಳಿ. ಬಾಡಿಗೆಯವರು ಬಾಯ್ಬಿಟ್ಟು ಹೇಳೋದು ಓನರ್ ಪಕ್ಕದಲ್ಲಿ ಇಲ್ದಾಗ ಮಾತ್ರ, ಅದನ್ನ ನೋಡ್ಕೊಂಡು ಹೋಗಿ.

ಹೋಗೋವಾಗ ಜೇಬಲ್ಲಿ ಇಟ್ಕೊಳ್ಳೋಕೆ ಒಂದು ಒಳ್ಳೆ ಟಾರ್ಚು, ಒಂದು ದಪ್ಪ ನಾಣ್ಯ, ನೀರು ತುಂಬಿದ ಸಣ್ಣ ಸ್ಪ್ರೇ ಬಾಟ್ಲು, ಸ್ವಲ್ಪ ಅಲ್ಯೂಮಿನಿಯಂ ಫಾಯಿಲ್ಲು, ಟೇಪು, ಮಕ್ಕಳ ಹತ್ರ ಇದ್ರೆ ಒಂದು ಗೋಲಿ. ತೇವ ಅಳೆಯೋ ಮಾಯಿಶ್ಚರ್ ಮೀಟರ್ ಆನ್‌ಲೈನಲ್ಲಿ ಸಿಗತ್ತೆ, ಇದ್ರೆ ಒಳ್ಳೇದು, ಅದರ ಬಗ್ಗೆ ಆಮೇಲೆ ಹೇಳ್ತೀನಿ.

ಇಂಡಿಪೆಂಡೆಂಟ್ ಮನೆ ಆದ್ರೆ ಹಾಲು ಕಿಚನ್ನು ನೋಡೋ ಮುಂಚೆ ಸೀದಾ ತಾರಸಿಗೆ ಹತ್ತಿ. ನೀರು ಮೇಲಿಂದ ಕೆಳಗೆ ಬರೋದು, ನೀವೂ ಮೇಲಿಂದಾನೇ ಶುರು ಮಾಡಿ. ತಾರಸೀಲಿ ಮಣ್ಣು ಬಣ್ಣದ ಉಂಗುರ ಉಂಗುರ ಗುರುತು, ಒಣಗಿ ಕಪ್ಪಗಾಗಿರೋ ಪಾಚಿ ಕಂಡ್ರೆ ಅಲ್ಲಿ ನೀರು ನಿಲ್ಲತ್ತೆ ಅಂತ ಅರ್ಥ, ವಾಟ ಸರಿ ಕೊಟ್ಟಿಲ್ಲ. 10 ಅಡಿಗೆ ಒಂದೂಕಾಲು ಇಂಚಾದ್ರೂ ಇಳಿಜಾರು ಇರ್ಬೇಕು, ಟೈಲ್ಸ್ ಹಾಕಿರೋ ತಾರಸಿ ಆದ್ರೆ ಗೋಲಿ ಇಟ್ಟು ನೋಡಿ, ನೀರು ಹೋಗೋ ಪೈಪಿನ ಕಡೆ ಉರುಳ್ಬೇಕು, ಇನ್ನೊಂದು ಕಡೆ ಹೋಯ್ತು ಅಂದ್ರೆ ಗೊತ್ತಾಯ್ತಲ್ಲ. 1000 ಚದರಡಿ ತಾರಸಿ ಮೇಲೆ ಒಂದು ಇಂಚು ಮಳೆ ಬಿದ್ರೆ ಸುಮಾರು 2360 ಲೀಟರ್ ನೀರು, ಅದೆಲ್ಲಾ ಒಂದೇ ಒಂದು ಸಣ್ಣ ಪೈಪಲ್ಲಿ ಹೋಗ್ಬೇಕು ಅಂದ್ರೆ ಎಲ್ಲಿಂದ ಆಗತ್ತೆ, ಪೈಪು ಎಷ್ಟಿವೆ, 4 ಇಂಚಿಂದಾ, ಬಾಯಿಗೆ ಜಾಲರಿ ಇದ್ಯಾ, ಎಲೆ ಕಟ್ಕೊಂಡಿದ್ಯಾ ಅಂತ ನೋಡಿ.

ಆಮೇಲೆ ತಾರಸಿ ಸುತ್ತ ಇರೋ ಪ್ಯಾರಪೆಟ್ ಗೋಡೆ ಮತ್ತೆ ನೆಲ ಸೇರೋ ಮೂಲೆ. ಅಲ್ಲಿ ಸಿಮೆಂಟಲ್ಲಿ ಗುಂಡಗೆ ತಿರುಗಿಸಿ ಕೊಟ್ಟಿರ್ಬೇಕು, ನೇರ ಮೂಲೆ ಬಿಟ್ಟಿದ್ರೆ ಬಿಸಿಲಿಗೆ ಹಿಗ್ಗಿ ಕುಗ್ಗಿ ಬಿರುಕು ಬಿಡತ್ತೆ, ಒಳಗಡೆ ರೂಮಿನ ಸೀಲಿಂಗ್ ಅಂಚಲ್ಲಿ ಉದ್ದಕ್ಕೂ ಕಲೆ ಕಂಡ್ರೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ ಅಂತ ನನ್ನ ಲೆಕ್ಕ. ಪ್ಯಾರಪೆಟ್ ತಲೆ ಮೇಲೂ ಕೈ ಆಡಿಸಿ, ಮೇಲ್ಗಡೆ ಪ್ಲಾಸ್ಟರ್ ಸೀಳಿದ್ರೆ ಮಳೆ ನೀರು ಗೋಡೆಯೊಳಗೆ ನೇರ ಇಳಿಯತ್ತೆ. ಎಲ್ಲಾದ್ರೂ ಸಂದಿಯಲ್ಲಿ ಪುಟ್ಟ ಅರಳಿ ಗಿಡ ಎದ್ದಿದ್ರೆ ಅದನ್ನ ಹಗುರ ತಗೋಬೇಡಿ, ಗಿಡ ಬದುಕಿದೆ ಅಂದ್ರೆ ಒಳಗೆ ಅದಕ್ಕೆ ವರ್ಷಪೂರ್ತಿ ತೇವ ಸಿಗ್ತಿದೆ, ಬೇರು ಎಷ್ಟು ದೂರ ಹೋಗಿದ್ಯೋ ದೇವರಿಗೇ ಗೊತ್ತು. ಮೇಲಿಂದ ಕಿತ್ತು ಹಾಕಿದ್ರೆ ಮತ್ತೆ ಚಿಗುರತ್ತೆ.

ಬೆಂಗಳೂರಲ್ಲಿ ತುಂಬಾ ಮನೆಗಳ ಮೇಲೆ ಸೋಲಾರ್ ವಾಟರ್ ಹೀಟರ್ ಇರತ್ತೆ, ಅದರ ಸ್ಟ್ಯಾಂಡಿನ ಕಾಲು ನೋಡಿ. ಫಿಟ್ ಮಾಡೋಕೆ ಬಂದವರು ಡ್ರಿಲ್ ಹಿಡ್ದು ವಾಟರ್‌ಪ್ರೂಫಿಂಗ್ ಎಲ್ಲಾ ತೂತು ಮಾಡಿ ಬೋಲ್ಟ್ ಹೊಡ್ದು ಹೋಗಿರ್ತಾರೆ, ಡಿಶ್ ಆಂಟೆನಾದವರೂ ಅಷ್ಟೇ, ಎಸಿಯವರೂ ಅಷ್ಟೇ. ಕಾಲುಗಳು ಸಿಮೆಂಟ್ ಕಟ್ಟೆ ಮೇಲೆ ಇದ್ರೆ ಓಕೆ. ಪೈಪ್‌ಗಳು ತಾರಸಿ ತೂರಿ ಕೆಳಗೆ ಇಳಿಯೋ ಜಾಗ, ಟ್ಯಾಂಕ್ ಓವರ್‌ಫ್ಲೋ ಎಲ್ಲಿ ಬೀಳ್ತಿದೆ ಅನ್ನೋದು, ಮೆಟ್ಟಿಲಿನ ಹೆಡ್‌ರೂಮ್ ಬಾಗ್ಲಿಗೆ ಹೊಸ್ತಿಲು ಎತ್ತರ ಇದ್ಯಾ, ಇಷ್ಟು ನೋಡ್ಕೊಂಡು ಇಳೀರಿ.

ಈಗ ಹೊರಗಿನ ಗೋಡೆ. ಇದು ನಮ್ಮೂರಿನ ಸ್ಪೆಷಲ್ ಕಾಯಿಲೆ, 20x30 30x40 ಸೈಟುಗಳಲ್ಲಿ ಒಂದಿಂಚೂ ಬಿಡ್ದೆ ಕಟ್ಟಿರ್ತಾರೆ, ಪಕ್ಕದವರೂ ಹಾಗೇ ಕಟ್ಟಿರ್ತಾರೆ, ಎರಡು ಮನೆ ಮಧ್ಯೆ ಕೈ ತೂರ್ಸೋಕೂ ಆಗದಷ್ಟು ಸಂದಿ. ಎರಡನೇದಾಗಿ ಕಟ್ಟಿದವರಿಗೆ ಆ ಕಡೆ ಗೋಡೆಗೆ ಪ್ಲಾಸ್ಟರ್ ಮಾಡೋಕೆ ಜಾಗಾನೇ ಇರಲ್ಲ, ಬರೀ ಬ್ಲಾಕು, ಅದರ ಜಾಯಿಂಟಲ್ಲಿ ಸಿಮೆಂಟ್ ಅರೆಬರೆ. ಮಳೆ ನೀರು ಸಂದಿಯೊಳಗೆ ಬಿದ್ದು, ಬಿಸಿಲು ಗಾಳಿ ತಾಗದೆ, ಕೆಳಗೆ ಕಸ ತುಂಬ್ಕೊಂಡು ತಿಂಗಳುಗಟ್ಲೆ ಹಸಿ ನಿಂತಿರತ್ತೆ. ಅಂಥ ಮನೇಲಿ ಒಳಗಡೆ ಆ ಒಂದು ಕಡೆಯ ಗೋಡೆ ಪೂರ್ತಿ ಪುಟ್ಟಿ ಉದುರ್ತಿರತ್ತೆ, ಬೆಡ್‌ರೂಮ್ ವಾರ್ಡ್‌ರೋಬ್ ಇರೋದೂ ಸಾಮಾನ್ಯವಾಗಿ ಅದೇ ಗೋಡೆಗೆ, ಕಿಟಕಿ ಇಡೋಕೆ ಆಗಲ್ವಲ್ಲ. ತಾರಸಿಯಿಂದ ಬಗ್ಗಿ ಟಾರ್ಚ್ ಬಿಟ್ಟು ಸಂದಿ ನೋಡಿ. ಮೇಲ್ಗಡೆ ಎರಡು ಮನೆಗೂ ಸೇರಿಸಿ ಶೀಟೋ ಕಾಂಕ್ರೀಟೋ ಹಾಕಿ ಮುಚ್ಚಿದ್ರೆ ನೆಮ್ಮದಿ, ಮುಚ್ಚಿಲ್ಲ ಅಂದ್ರೆ ಪಕ್ಕದ ಮನೆಯವರು ಒಪ್ಪಿದ್ರೆ ಮಾತ್ರ ರಿಪೇರಿ ಸಾಧ್ಯ, ಒಳಗಿಂದ ಏನೇ ಬಳಿದ್ರೂ ಒಂದೆರಡು ಮಳೆಗಾಲ ಅಷ್ಟೆ. ಮನೆ ನೋಡೋಕೆ ಹೋದಾಗ ಪಕ್ಕದವರ ಜೊತೆ ಓನರಿಗೆ ಮಾತುಕತೆ ಇದ್ಯಾ ಅನ್ನೋದನ್ನೂ ಹಾಗೇ ವಿಚಾರಿಸ್ಕೊಳ್ಳಿ, ತಮಾಷೆ ಅಲ್ಲ.

ಕಿಟಕಿ ಮೇಲಿನ ಸಜ್ಜದ ಅಡಿಭಾಗದ ಅಂಚಲ್ಲಿ ಒಂದು ಗೀರು ಕೊಟ್ಟಿರ್ತಾರೆ, ನೀರು ಅಲ್ಲೇ ಕಡ್ದು ಕೆಳಗೆ ಬೀಳಲಿ ಅಂತ. ಅದಿಲ್ದೇ ಇದ್ರೆ ನೀರು ಸಜ್ಜದ ಹೊಟ್ಟೆ ಹಿಡ್ಕೊಂಡು ವಾಪಸ್ ಗೋಡೆಗೆ ಬಂದು ಕಿಟಕಿ ಫ್ರೇಮ್ ಮೇಲೆ ಒಳಗೆ ಇಳಿಯತ್ತೆ. ಕಿಟಕಿ ಕಲ್ಲು ಹೊರಗಡೆಗೆ ಇಳಿಜಾರಿದ್ಯಾ, ಫ್ರೇಮ್ ಸುತ್ತ ಸಿಲಿಕಾನ್ ಕಿತ್ಕೊಂಡಿದ್ಯಾ, ಸ್ಲೈಡಿಂಗ್ ಕಿಟಕಿ ಟ್ರ್ಯಾಕಲ್ಲಿ ನೀರು ಹೋಗೋ ತೂತು ಮುಚ್ಕೊಂಡಿದ್ಯಾ ನೋಡಿ. ಬಿರುಕಿನ ವಿಷಯಕ್ಕೆ ಬಂದ್ರೆ ಪ್ಲಾಸ್ಟರ್ ಮೇಲೆ ಬಲೆ ತರ ಹರಡಿರೋ ಕೂದಲೆಳೆ ಗೀರುಗಳಿಗೆಲ್ಲಾ ಗಾಬರಿ ಬೀಳೋದು ಬೇಡ. ಪಿಲ್ಲರ್ ಮತ್ತೆ ಗೋಡೆ ಸೇರೋ ಕಡೆ ಉದ್ದುದ್ದ ಬಿರುಕು, ಬೀಮ್ ಕೆಳಗೆ ಅಡ್ಡಡ್ಡ ಬಿರುಕು ಇದ್ರೆ ಅದು ಕಾಂಕ್ರೀಟು ಬ್ಲಾಕು ಬೇರೆ ಬೇರೆ ತರ ಹಿಗ್ಗಿ ಕುಗ್ಗಿ ಆಗಿರೋದು, ಮನೆ ಬೀಳಲ್ಲ, ಆದ್ರೆ ಹೊರಗಡೆ ಗೋಡೇಲಿ ಇದ್ರೆ ನೀರಿಗೆ ಅದೇ ಹೆದ್ದಾರಿ. ಕಿಟಕಿ ಮೂಲೆಯಿಂದ ಓರೆಯಾಗಿ ಹೋಗಿರೋ, ಒಂದು ಕಡೆ ಅಗಲ ಆಗ್ತಾ ಹೋಗೋ ಬಿರುಕು ಇದ್ರೆ ಪಾಯ ಕುಸಿದಿರಬಹುದು, ಅಲ್ಲಿಗೆ ನಿಮ್ಮ ತಪಾಸಣೆ ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರನ್ನ ಕರೀರಿ.

ಗೋಡೆ ಬುಡ. ರಸ್ತೆಗೆ ಡಾಂಬರ್ ಮೇಲೆ ಡಾಂಬರ್ ಹಾಕಿ ಹಾಕಿ ಹಳೇ ಲೇಔಟುಗಳಲ್ಲಿ ಮನೆಗಳೇ ರಸ್ತೆಗಿಂತ ಕೆಳಗೆ ಹೋಗ್ಬಿಟ್ಟಿವೆ. ಗೇಟಲ್ಲಿ ನಿಂತು ನೋಡಿ, ಒಳಗೆ ಇಳೀಬೇಕಾ ಹತ್ತಬೇಕಾ ಅಂತ. ಗೋಡೆ ಬುಡಕ್ಕೇ ಮಣ್ಣು ಹಾಕಿ ಗಿಡ ಬೆಳೆಸಿದ್ರೆ, ಸಂಪು ಗೋಡೆಗೆ ಅಂಟ್ಕೊಂಡಿದ್ರೆ ಒಳಗಡೆ ಅದೇ ಜಾಗ ನೆನಪಿಟ್ಕೊಂಡು ಹೋಗಿ ಮುಟ್ಟಿ ನೋಡಿ. ಪಾಯದ ಮೇಲೆ ಡಿಪಿಸಿ ಅಂತ ಒಂದು ತೇವ ತಡೆಯೋ ಪದರ ಇರ್ಬೇಕು, ಹಳೇ ಮನೆಗಳಲ್ಲಿ ಇರಲ್ಲ, ಇದ್ರೂ ಮಣ್ಣೋ ಡಾಂಬರೋ ಅದಕ್ಕಿಂತ ಮೇಲೆ ಬಂದ್ರೆ ಇದ್ದೂ ಪ್ರಯೋಜನ ಇಲ್ಲ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಇಟ್ಟಿಗೆ ನೆಲದ ನೀರು ಹೀರ್ಕೊಂಡು ಮೇಲಕ್ಕೆ ತರತ್ತೆ, ಸಾಮಾನ್ಯವಾಗಿ ಮೂರು ಅಡಿ ತನಕ, ಅಲ್ಲಿ ಅಲೆಅಲೆಯಾಗಿ ಒಂದು ಗೆರೆ, ಗೆರೆ ಹತ್ರ ಬಿಳಿ ಪುಡಿ. ಆ ಪುಡಿ ಉಪ್ಪು, ನೀರು ಆರಿ ಹೋಗಿ ಮಣ್ಣಿನ ಮತ್ತೆ ಇಟ್ಟಿಗೆಯ ಲವಣ ಉಳಿದಿರೋದು. ಬೂಷ್ಟೋ ಉಪ್ಪೋ ಅಂತ ಅನುಮಾನ ಬಂದ್ರೆ ಸ್ಪ್ರೇ ಮಾಡಿ, ಉಪ್ಪು ನೀರಲ್ಲಿ ಕರಗತ್ತೆ, ಬೂಷ್ಟು ಕರಗಲ್ಲ, ಒರೆಸಿದ್ರೆ ಮೆತ್ಕೊಳ್ಳತ್ತೆ. ಕಲೆ ನಾಲ್ಕೈದು ಅಡಿಗಿಂತ ಮೇಲಿದ್ರೆ ಅದು ನೆಲದಿಂದ ಬಂದಿರೋದು ಕಷ್ಟ, ಬೇರೆ ಕಡೆ ಹುಡುಕಿ.

ಒಳಗೆ ಬಂದ ಮೇಲೆ ಲೈಟೆಲ್ಲಾ ಆಫ್ ಮಾಡಿ ಟಾರ್ಚನ್ನ ಗೋಡೆಗೆ ಒತ್ತಿ ಹಿಡ್ದು ಪಕ್ಕಕ್ಕೆ ಬೆಳಕು ಬಿಡಿ. ಎದುರಿಂದ ಬೆಳಕು ಬಿಟ್ರೆ ಏನೂ ಕಾಣಲ್ಲ, ಪಕ್ಕದಿಂದ ಬಿಟ್ರೆ ಪೇಂಟ್ ಗುಳ್ಳೆ, ಪುಟ್ಟಿ ತೇಪೆ, ಊದ್ಕೊಂಡಿರೋ ಪ್ಲಾಸ್ಟರ್ ಎಲ್ಲಾ ನೆರಳು ಬಿದ್ದು ಎದ್ದು ಕಾಣತ್ತೆ. ಅನುಮಾನ ಇರೋ ಕಡೆ ನಾಣ್ಯದಿಂದ ಬಡೀರಿ, ಗಟ್ಟಿ ಇದ್ರೆ ಟಕ್ ಟಕ್ ಅನ್ನತ್ತೆ, ಬಿಟ್ಕೊಂಡಿದ್ರೆ ಡಬ್ ಡಬ್. ಅಂಗೈಗಿಂತ ಕೈ ಹಿಂಭಾಗ ಇಟ್ರೆ ತಣ್ಣಗಿರೋದು ಬೇಗ ಗೊತ್ತಾಗತ್ತೆ. ಸೀಲಿಂಗಲ್ಲಿ ಕಂದು ಅಂಚಿನ ಉಂಗುರಗಳು ಒಂದರ ಹೊರಗೆ ಒಂದು ಇದ್ರೆ ಅಲ್ಲಿ ನೀರು ಬಂದು ಒಣಗಿ ಮತ್ತೆ ಮತ್ತೆ ಬಂದಿದೆ.

ತೇವ ಮುಚ್ಚಿಡೋ ಉಪಾಯಗಳು ಬೇಕಾದಷ್ಟಿವೆ. ಮನೆಯೆಲ್ಲಾ ಹಳೇ ಪೇಂಟು, ಒಂದೇ ಗೋಡೆಗೆ ಡಿಸೈನ್ ಪೇಂಟು. ಬೆಡ್‌ರೂಮಲ್ಲಿ ಮೂರಡಿ ಎತ್ತರಕ್ಕೆ ಮಾತ್ರ ಪಿವಿಸಿ ಪ್ಯಾನೆಲ್ಲು, ಟಾಯ್ಲೆಟ್ ಕೆಳಗಿನ ರೂಮಿಗೆ ಮಾತ್ರ ಫಾಲ್ಸ್ ಸೀಲಿಂಗು. ಎಲ್ಲರೂ ಮೋಸ ಮಾಡೋಕೇ ಹಾಕಿಸ್ತಾರೆ ಅಂತಲ್ಲ, ಚೆಂದಕ್ಕೂ ಹಾಕಿಸ್ತಾರೆ, ಆದ್ರೆ ಇಲ್ಲೇ ಯಾಕೆ ಅಂತ ಕೇಳೋ ಹಕ್ಕು ದುಡ್ಡು ಕೊಡೋ ನಿಮಗಿದೆ. ಫಾಲ್ಸ್ ಸೀಲಿಂಗಲ್ಲಿ ಲೈಟ್ ಒಂದನ್ನ ಕೆಳಗೆ ಎಳೆದ್ರೆ, ಮೊದ್ಲು ಮೇನ್ ಆಫ್ ಮಾಡಿ ಎಳೀರಿ, ಒಳಗಡೆ ಟಾರ್ಚ್ ಹಾಕಿ ಮೇಲಿನ ಸ್ಲ್ಯಾಬ್ ನೋಡ್ಬಹುದು. ವಾರ್ಡ್‌ರೋಬ್ ಬಾಗ್ಲು ತೆಗೆದು ಹಿಂದಿನ ಪ್ಲೈ ಮೂಲೇಲಿ ಮೂಗಿಟ್ಟು ನೋಡಿ, ರೂಮಿಗೆಲ್ಲಾ ಫ್ರೆಶ್ನರ್ ಹೊಡ್ದಿದ್ರೂ ಕಪಾಟಿನೊಳಗಿನ ಕಮಟು ವಾಸನೆ ಹೋಗಿರಲ್ಲ. ಅಲ್ಲೇ ಮಣ್ಣಿನ ಸಣ್ಣ ಸಣ್ಣ ಕೊಳವೆ ಕಂಡ್ರೆ ಗೆದ್ದಲು, ಅದು ತೇವ ಇರೋ ಕಡೆ ಹುಡುಕ್ಕೊಂಡು ಬರತ್ತೆ.

ಬಾತ್ರೂಮ್ ಬಗ್ಗೆ ಸ್ವಲ್ಪ ಜಾಸ್ತಿ ಬರೀಬೇಕು, ಫ್ಲ್ಯಾಟುಗಳಲ್ಲಿ ಅರ್ಧ ಜಗಳ ಇದರದ್ದೇ. ಒಳಗೆ ಹೋಗೋ ಮುಂಚೆ ಬಾಗಿಲ ಚೌಕಟ್ಟಿನ ಬುಡ ನೋಡಿ, ಕೆಳಗಿನ ಆರಿಂಚು ಕಪ್ಪಾಗಿ ಊದಿದ್ರೆ, ಉಗುರು ಒತ್ತಿದ್ರೆ ಒಳಗೆ ಹೋದ್ರೆ, ನೆಲದೊಳಗೆ ನೀರಿದೆ. ಹೆಚ್ಚಿನ ಮನೆಗಳಲ್ಲಿ ಬಾತ್ರೂಮ್ ಸ್ಲ್ಯಾಬನ್ನ ಕೆಳಗೆ ಇಳಿಸಿ ಪೈಪ್ ಎಲ್ಲಾ ಅದರಲ್ಲಿ ಹಾಸಿ ಮೇಲೆ ಇಟ್ಟಿಗೆ ಚೂರು, ಮಣ್ಣು, ಸಿಂಡರ್ ತುಂಬಿ ಟೈಲ್ಸ್ ಹಾಕಿರ್ತಾರೆ, ಸಂಕನ್ ಸ್ಲ್ಯಾಬ್ ಅಂತ. ಟೈಲ್ಸ್ ಸಂದಿಯ ಗ್ರೌಟ್ ಬಿಟ್ಕೊಂಡು ಒಳಗೆ ಇಳಿದ ನೀರು ಆ ತೊಟ್ಟೀಲಿ ತುಂಬ್ಕೊಂಡು ಕೂತಿರತ್ತೆ, ಮೆಲ್ಲಗೆ ಪಕ್ಕದ ರೂಮಿನ ಗೋಡೆಗೂ ಕೆಳಗಿನ ಮನೆ ಸೀಲಿಂಗಿಗೂ ಹೋಗತ್ತೆ. ಹಾಗಾಗಿ ಬಾತ್ರೂಮ್ ಗೋಡೆಯ ಹಿಂಭಾಗ ಯಾವ ರೂಮಿಗೆ ಬರತ್ತೆ ಅಂತ ಲೆಕ್ಕ ಹಾಕಿ ಆ ಕಡೆ ಸ್ಕರ್ಟಿಂಗ್ ಮುಟ್ಟಿ ನೋಡಿ. ತಗೊಳ್ಳೋದು ಪಕ್ಕಾ ಅನ್ನೋ ಹಂತಕ್ಕೆ ಬಂದಿದ್ರೆ ಓನರ್ ಪರ್ಮಿಷನ್ ತಗೊಂಡು ಟೆಸ್ಟ್ ಮಾಡಿ, ನೆಲದ ನೀರು ಹೋಗೋ ಟ್ರ್ಯಾಪ್ ಬಾಯಿಗೆ ಬಟ್ಟೆ ತುರುಕಿ ಎಂ-ಸೀಲ್ ಹಾಕಿ ನೆಲದ ಮೇಲೆ ಎರಡಿಂಚು ನೀರು ನಿಲ್ಸಿ ಬಟ್ಟೆಗೆ ಹಾಕೋ ನೀಲಿ ಕಲಸಿ 24 ಗಂಟೆ ಬಿಡಿ. ನೀರಿನ ಮಟ್ಟ ಗುರುತು ಮಾಡ್ಕೊಳ್ಳಿ, ಕೆಳಗಿನ ಮನೆಯವರಿಗೆ ಮುಂಚೇನೇ ಹೇಳಿ. ನೀರು ಇಳಿದಿದ್ರೆ ಅಥವಾ ಕೆಳಗೆ ಹಸಿ ಕಂಡ್ರೆ ನೆಲದ್ದೇ ತೊಂದ್ರೆ. ನೀರು ಅಲ್ಲೇ ಇದೆ ಆದ್ರೂ ಮಾಮೂಲಿ ದಿನಗಳಲ್ಲಿ ಕೆಳಗೆ ಹಸಿಯಾಗ್ತಿತ್ತು ಅಂದ್ರೆ ಡ್ರೈನೇಜ್ ಪೈಪು ಇಲ್ಲಾ ಟ್ರ್ಯಾಪ್ ಜಾಯಿಂಟು. ಒಳಗಿನ ನೀರಿನ ಪೈಪಿಗೆ ಬೇರೆ ಪರೀಕ್ಷೆ, ರಾತ್ರಿ ಎಲ್ಲಾ ನಲ್ಲಿ ಬಂದ್ ಮಾಡಿ ಪಂಪ್ ಹಾಕ್ದೆ ಟ್ಯಾಂಕಲ್ಲಿ ಗೆರೆ ಎಳ್ದು ಬೆಳಿಗ್ಗೆ ನೋಡಿ, ಫ್ಲಶ್ ಟ್ಯಾಂಕ್ ಸೋರ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು.

ಇಲ್ಲಿ ಅತಿ ಮುಖ್ಯವಾದದ್ದು, ಬಾತ್ರೂಮ್ ಕೆಳಗಿನ ಸೀಲಿಂಗಲ್ಲಿ, ಬಾಲ್ಕನಿ ಅಡಿಯಲ್ಲಿ ನೇರ ಗೆರೆ ಎಳೆದ ಹಾಗೆ ಕೆಂಪು ಕಂದು ಕಲೆ ಅಥವಾ ಬಿರುಕು ಇದ್ರೆ ಒಳಗೆ ಕಂಬಿ ತುಕ್ಕು ಹಿಡಿದಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ತಗೊಳ್ಳತ್ತೆ, ಕಾಂಕ್ರೀಟನ್ನ ಒಳಗಿಂದ ಒಡೆದು ಕೆಳಗೆ ತಳ್ಳತ್ತೆ, ಚೂರು ಉದುರಿ ಕಂಬಿ ಹೊರಗೆ ಕಾಣೋ ಮನೆಗಳನ್ನ ನೀವೂ ನೋಡಿರ್ತೀರ. ಉಪ್ಪು ಬಿಟ್ಟಿರೋ ಗೋಡೆಗೂ ಇದಕ್ಕೂ ತುಂಬಾ ವ್ಯತ್ಯಾಸ, ಗೋಡೆ ತೇವ ತಲೆನೋವು, ಇದು ತಲೆ ಮೇಲೇ ಬೀಳೋದು. ಇದು ಕಂಡ್ರೆ ರೇಟ್ ಎಷ್ಟು ಇಳಿಸಿದ್ರೂ ಎಂಜಿನಿಯರ್ ನೋಡದೆ ಮುಂದೆ ಹೋಗ್ಬೇಡಿ.

ಎಲ್ಲಾ ತೇವಾನೂ ಲೀಕ್ ಅಲ್ಲ ಅನ್ನೋದೂ ನೆನಪಿರಲಿ. ಗಾಳಿ ಆಡದ ರೂಮು, ಒಳಗೇ ಬಟ್ಟೆ ಒಣಗಾಕೋದು, ತಣ್ಣಗಿರೋ ಮೂಲೇಲಿ ಬೀರು ಒತ್ತಿ ಇಟ್ಟಿರೋದು, ಇಂಥ ಕಡೆ ಗಾಳಿಯ ತೇವಾನೇ ಗೋಡೆ ಮೇಲೆ ಕೂತು ಕಪ್ಪು ಚುಕ್ಕಿ ಬೂಷ್ಟು ಬರತ್ತೆ. ಪತ್ತೆ ಹಚ್ಚೋಕೆ ಗೋಡೆ ಒರೆಸಿ ಒಂದಡಿ ಫಾಯಿಲ್ಲು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದೆರಡು ದಿನ ಬಿಡಿ. ಗೋಡೆ ಕಡೆ ಹನಿ ಕಟ್ಟಿದ್ರೆ ನೀರು ಗೋಡೆಯೊಳಗಿಂದ ಬರ್ತಿದೆ, ರೂಮಿನ ಕಡೆ ಹನಿ ಕಟ್ಟಿದ್ರೆ ಗಾಳಿಯ ತೇವ, ಕಿಟಕಿ ತೆಗೆದಿಟ್ಟು ಬೀರು ನಾಲ್ಕಿಂಚು ಮುಂದೆ ಎಳೆದ್ರೆ ಮುಗೀತು, ವಾಟರ್‌ಪ್ರೂಫಿಂಗ್‌ನವರಿಗೆ ಸಾವಿರಗಟ್ಲೆ ಕೊಡೋದು ಬೇಡ. ಹಾಗೇ ಮನೆ ಕಟ್ಟಿ ವರ್ಷ ಆಗಿಲ್ಲ ಅಂದ್ರೆ ಗೋಡೇಲಿ ಕಟ್ಟಡದ್ದೇ ನೀರು ಇನ್ನೂ ಆರ್ತಾ ಇರತ್ತೆ.

ಮಾಯಿಶ್ಚರ್ ಮೀಟರ್ ಹಿಡ್ಕೊಂಡು ಬಂದವರು ನಂಬರ್ ಹೇಳಿ ಹೆದರಿಸ್ತಾರೆ. ಆ ಪರ್ಸೆಂಟು ಮರಕ್ಕೆ ಲೆಕ್ಕ ಹಾಕಿದ್ದು, ಮರದ ಬಾಗ್ಲಲ್ಲಿ 20 ದಾಟಿದ್ರೆ ಕೊಳೆಯೋ ಅಪಾಯ ಅನ್ನೋದು ಸರಿ, ಆದ್ರೆ ಪ್ಲಾಸ್ಟರ್ ಮೇಲೆ ಅದೇ ನಂಬರಿಗೆ ಅರ್ಥ ಇಲ್ಲ. ಉಪ್ಪು ಇದ್ರೆ, ಒಳಗೆ ಕಬ್ಬಿಣದ ಜಾಲರಿ ಇದ್ರೆ ಸುಮ್ನೆ ಜಾಸ್ತಿ ತೋರಿಸತ್ತೆ. ಚೆನ್ನಾಗಿ ಒಣಗಿರೋ ಒಳಗಿನ ಗೋಡೆಗೆ ಎಷ್ಟು ಬರತ್ತೆ ನೋಡ್ಕೊಂಡು ಅನುಮಾನದ ಗೋಡೆ ಜೊತೆ ಹೋಲಿಸಿ, ಅಷ್ಟಕ್ಕೆ ಮೀಟರ್ ಚೆನ್ನಾಗಿ ಕೆಲಸಕ್ಕೆ ಬರತ್ತೆ. ಥರ್ಮಲ್ ಕ್ಯಾಮೆರಾನೂ ಹಾಗೇ, ಅದು ತಣ್ಣಗಿರೋ ಜಾಗ ತೋರಿಸತ್ತೆ, ನೀರನ್ನಲ್ಲ.

ಊರ ಕಡೆ, ಮಲೆನಾಡು ಕರಾವಳೀಲಿ ಮನೆ ನೋಡೋರಿಗೆ ಒಂದು ಮಾತು, ಅಲ್ಲಿ ಮೊದ್ಲು ನೋಡ್ಬೇಕಾದ್ದು ಪಡುವಣ ಗೋಡೆ, ಮುಂಗಾರು ಗಾಳಿ ಸಮೇತ ಬಡಿಯೋದು ಆ ಕಡೆಯಿಂದ. ಮಾಡಿನ ಸೂರು ಎಷ್ಟು ಹೊರಗೆ ಚಾಚಿದೆ ನೋಡಿ. ಹಳಬರು ಮಳೆಗಾಲಕ್ಕೆ ಆ ಗೋಡೆಗೆ ಸೋಗೆ ತಡಿಕೆ ಕಟ್ತಿದ್ದದ್ದು ಸುಮ್ನೆ ಅಲ್ಲ, ಈಗ ಕಾಂಕ್ರೀಟ್ ಮನೆ ಅಂತ ಸೂರು ಬಿಡದೆ ಡಬ್ಬಿ ತರ ಕಟ್ಟಿ ಆಮೇಲೆ ಮೇಲೊಂದು ಶೀಟ್ ಮಾಡು ಹಾಕ್ತಾರೆ. ಹಂಚಿನ ಮನೆ ಆದ್ರೆ ಅಟ್ಟ ಹತ್ತಿ ಹಂಚು ಹೊತ್ತಿರೋ ಮರದ ಪಕಾಸು ರೀಪುಗಳ ಮೇಲೆ ಕಪ್ಪು ಕಲೆ ಹುಡುಕಿ.

ಫ್ಲ್ಯಾಟಾದ್ರೆ ಇಷ್ಟೆಲ್ಲದರ ಜೊತೆ ಬೇಸ್ಮೆಂಟ್ ಗೋಡೆ, ಪೈಪ್ ಹೋಗೋ ಡಕ್ಟು, ಎರಡು ಬ್ಲಾಕ್ ಸೇರೋ ಕಡೆ ಹಿಗ್ಗೋಕೆ ಅಂತ ಬಿಟ್ಟಿರೋ ಎಕ್ಸ್‌ಪ್ಯಾನ್ಷನ್ ಜಾಯಿಂಟು ನೋಡಿ, ಟಾಪ್ ಫ್ಲೋರ್ ಆದ್ರೆ ಅಸೋಸಿಯೇಷನ್‌ನವರು ತಾರಸಿಗೆ ಯಾವಾಗ ಖರ್ಚು ಮಾಡಿದ್ರು ಅಂತ ಮೀಟಿಂಗ್ ಮಿನಿಟ್ಸ್ ಕೇಳಿ. ಬಿಲ್ಡರಿಂದ ಹೊಸದಾಗಿ ತಗೊಂಡು ಪೊಸೆಷನ್ ಸಿಕ್ಕಿ 5 ವರ್ಷ ಆಗಿಲ್ಲ ಅಂದ್ರೆ 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ 14ನೇ ಸೆಕ್ಷನ್ ನಿಮ್ಮ ಪರ ಇದೆ, ಕಟ್ಟಡದಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಇದೆ ಅಂತ ತಿಳಿಸಿದ್ರೆ 30 ದಿನದೊಳಗೆ ಅವರ ಖರ್ಚಲ್ಲೇ ಸರಿ ಮಾಡ್ಕೊಡ್ಬೇಕು. ಫೋನಲ್ಲಿ ಹೇಳೋದಲ್ಲ, ಫೋಟೋ ಸಮೇತ ಮೇಲ್ ಮಾಡಿ, ತಾರೀಖು ದಾಖಲೆ ಆಗ್ಬೇಕು.

ಬಾಡಿಗೆಗೆ ಹೋಗೋರು ಇಷ್ಟು ತಲೆ ಕೆಡಿಸ್ಕೊಳ್ಳೋದು ಬೇಡ, ಆದ್ರೆ ಸ್ವಿಚ್ ಬೋರ್ಡ್ ಸುತ್ತ ತೇವ ಇದ್ರೆ ಮಾತ್ರ ಸರಿ ಮಾಡ್ಸೋ ತನಕ ಸೇರ್ಕೋಬೇಡಿ, ಮೀಟರ್ ಬೋರ್ಡಲ್ಲಿ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು, ಇದ್ಯಾ, ಅದರ ಟೆಸ್ಟ್ ಬಟನ್ ಒತ್ತಿದ್ರೆ ಟ್ರಿಪ್ ಆಗತ್ತಾ ನೋಡಿ. ಬೀಗದ ಕೈ ತಗೊಂಡ ದಿನಾನೇ, ಸಾಮಾನು ಇಳಿಸೋ ಮುಂಚೆ ಪ್ರತಿ ಗೋಡೆ, ಸೀಲಿಂಗ್, ಕಪಾಟಿನ ಒಳಗಡೆ ವಿಡಿಯೋ ಮಾಡಿ ಓನರಿಗೆ ವಾಟ್ಸಾಪ್ ಮಾಡ್ಬಿಡಿ, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹೇಗೂ ಹಿಡ್ಕೊಳ್ತಾರೆ, ಅದರ ಮೇಲೆ ಗೋಡೆ ಹಾಳ್ಮಾಡಿದೀರ ಅಂತ ಅಡ್ವಾನ್ಸಿಗೆ ಕೈ ಹಾಕಿದ್ರೆ ತೋರಿಸೋಕೆ ಅದೊಂದು ಇರತ್ತೆ.